ಲಂಕೆಗೆ ಹೋಗಿ ಬಂದ ಸೈಕಲ್

ಎಲ್ಲಕ್ಕೂ ಮೂಲ ಬೈರಮ್ಮ ನಲ್ಲಿಯ ಹತ್ತಿರ ಆಡಿದ ಒಂದು ಮಾತು. ಆಕೆ ಅದನ್ನು ಯಾರಿಗೂ ಮೋಸ ಮಾಡಬೇಕೆಂದು ಆಡಿದ್ದಲ್ಲ, ಮಾನ ಉಳಿಸಿಕೊಳ್ಳಲು ಆಡಿದ್ದು. ಆದರೆ ಬೈರಾಪಟ್ಟಣದ ನಲ್ಲಿಯ ಹತ್ತಿರ ಬಿದ್ದ ಮಾತು ನೀರಿಗಿಂತ ಬೇಗ ಊರೆಲ್ಲ ಹರಿಯುತ್ತದೆ.

ಬೈರಮ್ಮನ ಒಬ್ಬನೇ ಮಗ ಜಯಕುಮಾರ ಬಿಡದಿಯ ಒಂದು ಕಾರ್ಖಾನೆಯಲ್ಲಿ ವೆಲ್ಡರ್. ಎರಡು ಸಾವಿರದ ನಾಲ್ಕನೇ ಇಸವಿಯ ಫೆಬ್ರವರಿಯಲ್ಲಿ ಅವನು ರಜೆ ಹಾಕಿ, ತನ್ನ ಸೈಕಲ್ಲನ್ನು ಬಿಚ್ಚಿ ರಟ್ಟಿನ ಡಬ್ಬಕ್ಕೆ ತುಂಬಿ, ವಿಮಾನ ಹತ್ತಿ, ಶ್ರೀಲಂಕಾವನ್ನು ಸೈಕಲ್ ಮೇಲೆ ಸುತ್ತಿ ಬರುತ್ತೇನೆಂದು ಒಬ್ಬನೇ ಹೊರಟುಬಿಟ್ಟ. ಊರಿನಲ್ಲಿ ಯಾರಿಗೂ ಇದು ತಲೆಗೆ ಹತ್ತಲಿಲ್ಲ. ಕಾರ್ಖಾನೆಗಳು ಬಂದ ಮೇಲೆ ಅಲ್ಲಿ ಸೈಕಲ್ ತುಳಿಯುವವರೇ ಉಳಿದಿರಲಿಲ್ಲ. ಬೈಕ್ ಇಲ್ಲದ ಗಂಡಸನ್ನು ಜನ ಕಾಯಿಲೆಯವನನ್ನು ನೋಡಿದ ಹಾಗೆ ನೋಡುತ್ತಿದ್ದರು. ಅಂಥದರಲ್ಲಿ ವಿಮಾನಕ್ಕೆ ದುಡ್ಡಿದ್ದವನು ಅಷ್ಟು ದೂರ ಹೋಗಿ ಸೈಕಲ್ ತುಳಿಯುವುದೆಂದರೆ ಏನರ್ಥ?

"ಅಲ್ಲಾ ಬೈರಕ್ಕ, ಆ ದೇಸದಲ್ಲಿ ಬಸ್ಸಿಲ್ವಾ?" ಎಂದು ಪಕ್ಕದ ಬೀದಿಯ ಮುನಿತಾಯಮ್ಮ ಕೊಡ ಕೆಳಗಿಟ್ಟು ಕೇಳಿದಳು.

"ಐತಂತೆ."

"ಮತ್ಯಾಕವ್ವ ಸೈಕಲ್ಲು? ಅದೂ ಒಬ್ನೇ! ಜೊತೆಗೆ ಬರೋರು ಒಬ್ರೂ ಸಿಗ್ನಿಲ್ವಾ? ಮನೇಲಿ ಏನಾರ ಮಾತುಕತೆ ಆಗಿತ್ತಾ?"

ಸಾಲಿನಲ್ಲಿದ್ದ ಉಳಿದ ಹೆಂಗಸರೂ ಕೊಡ ಕೆಳಗಿಟ್ಟರು. ಬೈರಮ್ಮನಿಗೆ ಮುಖ ಬಿಸಿಯಾಯಿತು. ಹಿಂದಿನ ದಿನ ಮಗ ಫೋನಿನಲ್ಲಿ, "ಅವ್ವಾ, ಇವತ್ತು ಕತರಗಾಮ ಅನ್ನೋ ಊರಲ್ಲಿವ್ನಿ, ಸುಬ್ಬಪ್ಪನ ಗುಡಿ ಐತೆ ಇಲ್ಲಿ" ಎಂದದ್ದು ನೆನಪಾಯಿತು.

"ಹರಕೆ ಕಣ್ರವ್ವ," ಎಂದುಬಿಟ್ಟಳು. "ಲಂಕೆ ಸುಬ್ಬಪ್ಪನಿಗೆ. ಸೈಕಲ್ಲಲ್ಲೇ ಹೋಗ್ಬೇಕು, ಒಬ್ನೇ ಹೋಗ್ಬೇಕು."

ಹೆಂಗಸರೆಲ್ಲ ಒಟ್ಟಿಗೆ ಕೈ ಮುಗಿದರು. ಏನು ಹರಕೆ ಎಂದು ಒಬ್ಬರೂ ಕೇಳಲಿಲ್ಲ, ಕೇಳಬಾರದು. ಕೇಳದೆ ಹೋದದ್ದರಿಂದ ಒಬ್ಬೊಬ್ಬರೂ ತಮಗೆ ತೋಚಿದ್ದನ್ನು ಸೇರಿಸಿಕೊಂಡು ಮನೆಗೆ ಹೋದರು.

ಇದ್ಯಾವುದೂ ಗೊತ್ತಿಲ್ಲದ ಜಯಕುಮಾರ ಹದಿನೇಳು ದಿನ ಕಳೆದು, ಒಂದು ಭಾನುವಾರ ಬೆಳಗ್ಗೆ ಬೆಂಗಳೂರಿನ ವಿಮಾನ ನಿಲ್ದಾಣದ ಹೊರಗೆ ಕೂತು ಸೈಕಲ್ ಜೋಡಿಸಿಕೊಂಡ. ಮುಖ ಸುಟ್ಟ ಬದನೆಕಾಯಿಯಾಗಿತ್ತು, ಗಡ್ಡ ಎದೆಗಿಳಿಯಲು ಹವಣಿಸುತ್ತಿತ್ತು. ಮನಸ್ಸು ಮಾತ್ರ ಗಾಳಿಪಟದ ಹಾಗಿತ್ತು. ಇವತ್ತು ಸಂಜೆ ನಾಲ್ಕು ಗಂಟೆಗೆ ಅವನ ಬದುಕು ತೀರ್ಮಾನವಾಗುವುದಿತ್ತು.

ವಿಷಯ ಪ್ರತಿಮಾಳದ್ದು. ಬಿಡದಿಯ ನರ್ಸರಿ ಶಾಲೆಯೊಂದರಲ್ಲಿ ಟೀಚರ್. ಜಯಕುಮಾರ ದಿನಾ ಆ ಶಾಲೆಯ ಮುಂದೆ ಅಗತ್ಯಕ್ಕಿಂತ ನಿಧಾನವಾಗಿ ಸೈಕಲ್ ತುಳಿಯುತ್ತಿದ್ದ. ಇಬ್ಬರಿಗೂ ಒಪ್ಪಿಗೆಯಾಗಿತ್ತು. ಒಪ್ಪದಿದ್ದವನು ಅವಳಪ್ಪ ಚೆಲುವಯ್ಯ. ಹೊಲವನ್ನು ಕಾರ್ಖಾನೆಗೆ ಕೊಟ್ಟು ಬಿಳಿ ಸುಮೋ ಕೊಂಡ ದಿನದಿಂದ ಅವನು ಮನುಷ್ಯರನ್ನು ಅವರ ಗಾಡಿಯಿಂದ ಅಳೆಯುತ್ತಿದ್ದ.

"ಸೈಕಲ್ ತುಳಿಯೋನಿಗೆ ಹೆಣ್ಣು ಕೊಟ್ರೆ ಜನ ನನ್ ಮಕಕ್ಕೆ ಉಗೀತಾರೆ" ಎಂದಿದ್ದ.

"ಅದೇ ಸೈಕಲ್ಲಲ್ಲಿ ಒಬ್ರೇ ಹೊರದೇಸ ಸುತ್ತಿ ಬತ್ತಾರಂತೆ," ಎಂದಿದ್ದಳು ಪ್ರತಿಮಾ. "ನಿಮ್ ಬೈಕಿರೋ ಗಂಡುಗಳಲ್ಲಿ ಯಾರು ಮಾಗಡಿ ದಾಟವ್ರೆ, ಹೇಳಪ್ಪ?"

ಮಾತಿನಲ್ಲಿ ಸೋತಾಗಲೆಲ್ಲ ಚೆಲುವಯ್ಯ ಪಂಥ ಕಟ್ಟುವವನು. "ಸರಿ, ಸುತ್ತಿ ಬರ್ಲಿ. ಬಂದ್ರೆ ಆ ಸೈಕಲ್ಲಿಗೇ ನನ್ ಮಗಳನ್ನ ಕೊಟ್ಟೆ ಅಂದ್ಕೊ. ಅವ್ನು ವಾಪಸ್ ಬರೋ ಭಾನುವಾರ ನಾಕು ಗಂಟೆಗೆ ಅವ್ರೂರಿಗೆ ಬತ್ತೀನಿ. ಸೈಕಲ್ ಮೇಲೇ ಬಂದು ಇಳೀಬೇಕು. ಒಂದ್ ನಿಮಿಷ ತಡ ಆದ್ರೂ ಗಾಡಿ ಸೀದಾ ದೊಡ್ಡಆಲಹಳ್ಳಿಗೆ. ಅಲ್ಲಿ ಗಂಡಿನ ತಾವ ಬುಲೆಟ್ ಐತೆ."

ಬೆಂಗಳೂರಿನಿಂದ ಬೈರಾಪಟ್ಟಣ ಎಷ್ಟು ಮಹಾ ದೂರ? ಲಂಕೆಯ ನುವಾರಾ ಎಲಿಯದ ಘಾಟಿಯನ್ನು ಇಡೀ ದಿನ ಮಳೆಯಲ್ಲಿ ಹತ್ತಿದವನು ಅವನು. ಗಾಲೆಯ ಸಮುದ್ರದ ಎದುರುಗಾಳಿಗೆ ಬಗ್ಗದವನು. ಒಂದೇ ದಿನ ನಾಲ್ಕು ಸಲ ಪಂಕ್ಚರ್ ಆಗಿ, ಕೊನೆಯದನ್ನು ಹಾಕುವಾಗ ಕೋತಿಯೊಂದು ಅಂಟಿನ ಟ್ಯೂಬು ಕಿತ್ತುಕೊಂಡು ಮರ ಹತ್ತಿದರೂ ಅಳದವನು. ಮೈಸೂರು ರಸ್ತೆ ಯಾವ ಲೆಕ್ಕ ಎಂದುಕೊಂಡು ಹೊರಟ. ಲಂಕೆಯಲ್ಲಿ ಹದಿನೇಳು ದಿನದಲ್ಲಿ ಪಡದ ಪಾಡನ್ನು ಇನ್ನು ಎಂಟು ಗಂಟೆಯಲ್ಲಿ ಪಡುವುದಿದೆಯೆಂದು ಅವನಿಗೆ ಯಾರು ಹೇಳಬೇಕು?

ಬಿಡದಿ ಕೈಗಾರಿಕಾ ಪ್ರದೇಶದ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ನಲವತ್ತು ಐವತ್ತು ಜನ ಯೂನಿಫಾರಂ ಹಾಕಿಕೊಂಡು ನಿಂತಿದ್ದರು. ಮುಷ್ಕರವಿರಬೇಕೆಂದು ಅವನು ಬ್ರೇಕ್ ಹಿಡಿದ. ಹಿಡಿದನೋ ಇಲ್ಲವೋ, ಮಲ್ಲಿಗೆ ಹಾರವೊಂದು ಕೊರಳಿಗೆ ಬಿತ್ತು.

"ಜಯಕುಮಾರಣ್ಣ ಬಂದ್ರು! ದಾರಿ ಬುಡ್ರಪ್ಪಾ, ದಾರಿ ಬುಡಿ!"

ಕೂಗಿದವನು ಗಂಗರಾಜು, ಮುನಿತಾಯಮ್ಮನ ಮಗ. ಅದೇ ಊರು, ಅದೇ ಕಾರ್ಖಾನೆ. ಹೋದ ತಿಂಗಳವರೆಗೂ ತನ್ನ ಕೆಂಪು ಬೈಕಿನಲ್ಲಿ ಪಕ್ಕದಿಂದ ಹಾದುಹೋಗುವಾಗ "ಲೇ ಸೈಕಲ್" ಎಂದು ಕೂಗುತ್ತಿದ್ದವನು.

"ಏನ್ಲಾ ಗಂಗ ಇದು?"

"ಸುಮ್ಕಿರಣ್ಣ. ನಮ್ಮವ್ವ ಎಲ್ಲ ಹೇಳವ್ಳೆ."

"ಏನ್ ಹೇಳವ್ಳೆ?"

"ಅದನ್ನ ಬಾಯ್ಬುಟ್ಟು ಹೇಳಂಗಿಲ್ವಲ್ಲ," ಎಂದು ಗಂಗರಾಜು ಕಣ್ಣು ಮುಚ್ಚಿ ತಲೆಯಾಡಿಸಿದ.

ಅಷ್ಟರಲ್ಲಿ ಒಬ್ಬ ಕಾಂಟ್ರಾಕ್ಟ್ ಹುದ್ದೆಯ ಫಿಟ್ಟರ್ ನುಗ್ಗಿ ಬಂದು ಸೈಕಲ್ ಬೆಲ್ಲನ್ನು ಮೂರು ಸಲ ಹೊಡೆದು, ಹ್ಯಾಂಡಲ್ಲನ್ನು ಕಣ್ಣಿಗೆ ಒತ್ತಿಕೊಂಡ. "ಲಂಕೆ ಸುಬ್ಬಪ್ಪಾ, ಈ ವರ್ಸ ನನ್ನ ಪರ್ಮನೆಂಟ್ ಮಾಡಪ್ಪ" ಎಂದ. ಅವನ ಹಿಂದೆ ಸಾಲು ನಿಂತಿತು.

ವಿಷಯ ತಿಳಿಯಲು ಜಯಕುಮಾರನಿಗೆ ಹತ್ತು ನಿಮಿಷ ಹಿಡಿಯಿತು. ತಿಳಿದ ಕೂಡಲೇ ಎರಡೂ ಕೈ ಎತ್ತಿ ಕೂಗಿದ: "ಹರಕೆನೂ ಇಲ್ಲ ಗಿರಕೆನೂ ಇಲ್ಲ ಕಣ್ರಪ್ಪೋ! ಸುಮ್ಕೆ ಹೋಗಿದ್ದೆ! ನಂಗಿಷ್ಟ ಅಂತ ಹೋಗಿದ್ದೆ!"

ಹಿರಿಯ ಸೆಕ್ಯುರಿಟಿಯವನೊಬ್ಬ ಟೋಪಿ ತೆಗೆದು ಹೇಳಿದ: "ನೋಡ್ರಯ್ಯ, ಹೆಂಗ್ ಮುಚ್ಚಿಡ್ತಾರೆ. ಭಕ್ತಿ ಅಂದ್ರೆ ಹಿಂಗಿರ್ಬೇಕು."

ಗಂಗರಾಜು ಬೈಕ್ ಒದ್ದು ಸ್ಟಾರ್ಟ್ ಮಾಡಿದ. "ನೀವು ನಿಧಾನಕ್ಕೆ ಬನ್ನಿ ಅಣ್ಣ, ನಾನು ಮುಂದ್ಮುಂದೆ ಹೇಳ್ತಾ ಹೋಯ್ತೀನಿ."

"ಹೇಳ್ಬ್ಯಾಡ ಕಣ್ಲಾ!" ಎಂದು ಜಯಕುಮಾರ ಕಿರುಚುವಷ್ಟರಲ್ಲಿ ಬೈಕು ಧೂಳಾಗಿತ್ತು.

ಆ ದಿನ ಗಂಗರಾಜು ಹೇಳಿದ್ದು ಎಷ್ಟು, ಕೇಳಿದವರು ಸೇರಿಸಿದ್ದು ಎಷ್ಟು ಎಂದು ಈಗ ವಿಂಗಡಿಸುವುದು ಕಷ್ಟ. ರಾಮನಗರ ಮುಟ್ಟುವಾಗ ಸುದ್ದಿಗೆ ಕೊಂಬು ಮೂಡಿತ್ತು. ಹುಡುಗ ಹದಿನೇಳು ದಿನ ಅನ್ನ ಮುಟ್ಟಿಲ್ಲ, ಬರೀ ನೀರಿನಲ್ಲಿ ಲಂಕೆ ಸುತ್ತಿದ್ದಾನೆ ಎಂದಾಗಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯ ಮುಂದೆ ರೈತರು ಗೂಡಿನ ಬುಟ್ಟಿಗಳನ್ನು ತಂದು ಸಾಲಾಗಿ ಇಟ್ಟು, "ಒಸಿ ಕೈ ಆಡ್ಸಿ ಸ್ವಾಮಿ, ಮುಂದಿನ ಬೆಳೆಗೆ ರೋಗ ಬರ್ದಂಗೆ" ಎಂದರು. ಕೈ ಆಡಿಸದೆ ದಾರಿ ಬಿಡುವಂತಿರಲಿಲ್ಲ. ಆಡಿಸಿದ. ಆಡಿಸಿದವನಿಗೆ ಒಬ್ಬೊಬ್ಬರು ಒಂದೊಂದು ತೆಂಗಿನಕಾಯಿ ಕೊಟ್ಟರು. ಬೇಡವೆಂದರೆ ಕಾಲಿಗೆ ಬೀಳಲು ಬರುತ್ತಿದ್ದರು. ಬೇಡವೆನ್ನುವುದನ್ನು ಬಿಟ್ಟ.

ಹನ್ನೆರಡೂವರೆಯಾಗಿತ್ತು. ಅವನ ಹೊಟ್ಟೆ ಬೆಳಗಿನಿಂದ ಖಾಲಿ. ಪಕ್ಕದ ಮಿಲಿಟರಿ ಹೋಟೆಲಿನಿಂದ ಮಟನ್ ಸಾರಿನ ಘಮ ಬಂದು ಅವನನ್ನು ಮೂಗು ಹಿಡಿದು ಎಳೆಯಿತು. ಸೈಕಲ್ ನಿಲ್ಲಿಸಿ ಒಳಗೆ ನುಗ್ಗಿ ಮುದ್ದೆಗೆ ಹೇಳಿದ. ಮಾಲೀಕ ಬೈರಪ್ಪ ಓಡಿ ಬಂದವನು ಎಲೆಯನ್ನು ಅವನ ಮುಂದಿನಿಂದ ಎಳೆದುಕೊಂಡ.

"ಬ್ಯಾಡಿ ಸ್ವಾಮಿ, ಕೈ ಮುಗೀತೀನಿ! ಹದಿನೇಳು ದಿನದ ಉಪಾಸನ ನನ್ ಹೋಟ್ಲಲ್ಲಿ ಬಾಡು ತಿಂದು ಮುರೀತೀರಾ? ಆ ಪಾಪ ನಂಗೆ ಸುತ್ಕೊಳಕಿಲ್ವಾ? ಮನೆಗೋಗಿ ಹೆತ್ತವ್ವನ ಕೈಯಲ್ಲಿ ಮುರೀರಿ."

"ಉಪಾಸ ಇಲ್ಲ ಕಣ್ರೀ! ನಿನ್ನೆ ರಾತ್ರಿ ಕೊಲಂಬೋದಲ್ಲಿ ಮೀನು ತಿಂದಿವ್ನಿ!"

"ಹಸಿವಿಗೆ ಏನೇನೋ ಬಡಬಡಿಸ್ತಾವ್ರೆ ಪಾಪ" ಎಂದ ಬೈರಪ್ಪ, ಕಣ್ಣೊರೆಸಿಕೊಂಡು ಎರಡು ತೆಂಗಿನಕಾಯಿ ಕೊಟ್ಟು ಕಳಿಸಿದ.

ಹೀಗೆ ಹೊಟ್ಟೆ ಖಾಲಿ, ಸೈಕಲ್ ಭರ್ತಿ ಎಂಬಂತೆ ಅವನು ಚನ್ನಪಟ್ಟಣಕ್ಕೆ ಬಂದ. ಹಿಂದಿನ ಕ್ಯಾರಿಯರ್ ಮೇಲೆ ಒಂದು ಮೂಟೆ ಕಾಯಿ, ಹ್ಯಾಂಡಲ್ಲಿಗೆ ಎರಡು ಚೀಲ. ಊರೊಳಗಿನ ಏರಿನಲ್ಲಿ ಸೀಟಿನಿಂದೆದ್ದು ಒತ್ತಿ ತುಳಿದದ್ದೇ ತಡ, ಬಲಗಡೆ ಪೆಡಲ್ ಫಳಾರ್ ಎಂದು ಮುರಿದು, ನಡುವಿನ ಕಂಬಿ ಮಾತ್ರ ಉಳಿಯಿತು. ಅವನು ಕಾಲು ಕೆಳಗಿಡಲು ಹೋದ.

"ಹಿಡ್ಕೊಳ್ರೋ! ಕಾಲು ನೆಲಕ್ಕೆ ಬುಡ್ಬ್ಯಾಡ್ರೋ!" ಎಂದು ಯಾರೋ ಅರಚಿದರು.

ಚನ್ನಪಟ್ಟಣದ ಹೊತ್ತಿಗೆ ಸುದ್ದಿ ಇನ್ನೊಂದು ಸುತ್ತು ಬೆಳೆದಿತ್ತು. ಹದಿನೇಳು ದಿನ ಅವನ ಕಾಲು ನೆಲ ಮುಟ್ಟಿಲ್ಲವೆಂದೂ, ಸೈಕಲ್ ಮೇಲೇ ಮಲಗಿ ಏಳುತ್ತಿದ್ದನೆಂದೂ ಆಗಿತ್ತು. ಆರು ಜನ ಓಡಿ ಬಂದು ಅವನನ್ನು, ಸೈಕಲ್ಲನ್ನು, ಕಾಯಿ ಮೂಟೆಯನ್ನು ಒಟ್ಟಿಗೆ ಎತ್ತಿ ಹೆಗಲ ಮೇಲೆ ಹೊತ್ತು, ಹೊಸ ಪೆಡಲ್ ಮಾಡಿಸಲು ಗೊಂಬೆ ಮಾಡುವವರ ಬೀದಿಗೆ ನಡೆದರು. "ಇಳ್ಸ್ರಯ್ಯ, ರಾಮನಗರದಲ್ಲಿ ಇಳಿದಿದ್ದೆ ಕಣ್ರಯ್ಯ" ಎಂದು ಅವನು ಮೇಲಿನಿಂದ ಕೂಗುತ್ತಿದ್ದ. ಎದುರಿಗೆ ಬಂದವರು ಕೈ ಮುಗಿಯುತ್ತಿದ್ದರು.

ಹೊತ್ತವರು ಅವನನ್ನು ಇಳಿಸಿದ್ದು ಶರ್ಫುನ್ನೀಸಾ ಎಂಬಾಕೆಯ ಗೊಂಬೆ ಶೆಡ್ಡಿನ ಜಗಲಿಯ ಮೇಲೆ. ಮರ ಕಡೆಯುವ ಲೇತ್ ಮುಂದೆ ಕೂತಿದ್ದ, ಐವತ್ತು ದಾಟಿದ ಆಕೆ ಮುರಿದ ಪೆಡಲ್ಲನ್ನು ತಿರುಗಿಸಿ ನೋಡಿದಳು. ಅವನನ್ನೂ ಸೈಕಲ್ಲನ್ನೂ ಒಳಗೆ ತರಿಸಿಕೊಂಡು, ಜನರನ್ನು ಹೊರಗೆ ಕಳಿಸಿ ಅರ್ಧ ಬಾಗಿಲು ಎಳೆದಳು.

"ಎಷ್ಟೊತ್ತಿಗೆ ಹೋಗ್ಬೇಕು ಬೇಟಾ?"

"ನಾಕಕ್ಕೆ. ಈಗ್ಲೇ ಮೂರಾಯ್ತು."

ಹಾಲೆ ಮರದ ತುಂಡೊಂದನ್ನು ಲೇತಿಗೆ ಸಿಕ್ಕಿಸಿ ಅವಳು ಉಳಿ ಹಿಡಿದಳು. ಸಿಪ್ಪೆ ಹಾರತೊಡಗಿತು. ಕಣ್ಣು ಮರದ ಮೇಲಿಟ್ಟುಕೊಂಡೇ ಕೇಳಿದಳು: "ನಮ್ ದರ್ಗಾಕ್ಕೂ ದೂರದಿಂದ ಬರ್ತಾರೆ ಹರಕೆಯವ್ರು. ನಿಂದೇನು? ಹೇಳ್ಬಾರ್ದು ಅಂದ್ರೆ ಬೇಡ."

"ಹರಕೆ ಇಲ್ಲ ಅಮ್ಮ. ಬೆಳಗಿಂದ ಹೇಳ್ತಾ ಇವ್ನಿ. ಆಸೆಗೆ ಹೋಗಿದ್ದೆ, ಅಷ್ಟೇ."

ಉಳಿ ನಿಂತಿತು. "ಬರೀ ಆಸೆಗೆ?"

"ಬರೀ ಆಸೆಗೆ."

"ಅಚ್ಛಾ ಮಾಡ್ದೆ," ಎಂದಳು ಶರ್ಫುನ್ನೀಸಾ. "ಹೆಂಗಿತ್ತು ಹೇಳು."

ಆ ಮಾತು ಕೇಳಿ ಜಯಕುಮಾರ ಅವಳ ಹತ್ತಿರಕ್ಕೆ ಸರಿದು ಕೂತ. ಬೆಳಗಿನಿಂದ ನೂರಾರು ಜನ ಬೆಲ್ ಹೊಡೆದಿದ್ದರು, ಹೆಂಗಿತ್ತು ಎಂದು ಒಬ್ಬರೂ ಕೇಳಿರಲಿಲ್ಲ. ಅವನು ಹೇಳಿದ. ಅಲ್ಲಿಯ ಜನ ತನ್ನನ್ನು ಕಂಡಾಗಲೆಲ್ಲ "ತನಿಯಮ?" ಎಂದು ಕೇಳುತ್ತಿದ್ದರು, ಒಬ್ಬನೇನಾ ಎಂದು ಅರ್ಥವಂತೆ, ಹೌದೆಂದರೆ ಬೆನ್ನು ತಟ್ಟಿ ಕೆಂದೆಳನೀರು ಕೆತ್ತಿ ಕೊಡುತ್ತಿದ್ದರು. ಘಾಟಿಯಲ್ಲಿ ಜಿಗಣೆ ಹತ್ತಿದ ಕಾಲಿಗೆ ಟೀ ತೋಟದ ಅಜ್ಜಿಯೊಬ್ಬಳು ಸುಣ್ಣ ಹಚ್ಚಿ, ತಮಿಳಿನಲ್ಲಿ ಚೆನ್ನಾಗಿ ಬೈದು, ರೊಟ್ಟಿ ಕಟ್ಟಿಕೊಟ್ಟಳು. ಒಂದು ರಾತ್ರಿ ಜ್ವರ ಬಂದು ವಾಪಸ್ ಹೋಗೋಣವೆಂದು ಅತ್ತಿದ್ದ. ಮರುದಿನ ಘಾಟಿಯ ತುದಿಯಲ್ಲಿ ಮೋಡ ಸರಿದು ಇಡೀ ಕಣಿವೆ ಕಂಡಾಗ ಒಬ್ಬನೇ ನಿಂತು ಕೂಗಿಕೊಂಡಿದ್ದ. ಏನೆಂದು ಕೂಗಿದನೋ ಅವನಿಗೇ ನೆನಪಿಲ್ಲ.

ಅವನು ಹೇಳಿ ಮುಗಿಸುವಾಗ ಪೆಡಲ್ಲಿಗೆ ಕೆಂಪು ಅರಗು ಹತ್ತಿ ಮಿರಿಮಿರಿ ಮಿಂಚುತ್ತಿತ್ತು. ಅದನ್ನು ಕಂಬಿಗೆ ತೊಡಿಸಿ ಶರ್ಫುನ್ನೀಸಾ ಒಮ್ಮೆ ತಿರುಗಿಸಿದಳು. ಎರಡು ಬಾಳೆಹಣ್ಣೂ ಒಂದು ಬನ್ನೂ ಅವನ ಕೈಗಿಟ್ಟು, "ಇಲ್ಲೇ ತಿನ್ನು, ಹೊರಗೆ ತಿಂದ್ರೆ ಜನ ಬಿಡಲ್ಲ" ಎಂದಳು. ಮೂಟೆ ಕಾಯಿಗಳನ್ನು ಅಲ್ಲೇ ಇಳಿಸಿಕೊಂಡಳು. ಜಯಕುಮಾರ ಅವಳ ಕಾಲು ಮುಟ್ಟಿ ನಮಸ್ಕರಿಸಿ ಹೊರಟ.

ಆಮೇಲೆ ತುಳಿದದ್ದನ್ನು ತುಳಿಯುವುದು ಎನ್ನಬಾರದು, ಹಾರುವುದು ಎನ್ನಬೇಕು. ದಾರಿಯಲ್ಲಿ ಕೈ ಮುಗಿದವರು ಮುಗಿದಂತೆಯೇ ಹಿಂದೆ ಸರಿದರು. ನಾಲ್ಕಕ್ಕೆ ಐದು ನಿಮಿಷವಿರುವಾಗ ಅವನು ಬೈರಾಪಟ್ಟಣದ ಬೀದಿಗೆ ತಿರುಗಿದ. ತಮಟೆ ಶುರುವಾಯಿತು. ಮನೆಮನೆಯ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಮುನಿತಾಯಮ್ಮ ಆರತಿ ತಟ್ಟೆ ಹಿಡಿದು ಅಡ್ಡ ಬಂದಳು. ಊರಿನ ಹಿರಿಯಜ್ಜಿ ದೊಡ್ಡಲಕ್ಷ್ಮಮ್ಮ ಸೈಕಲ್ಲಿನ ಹ್ಯಾಂಡಲ್ಲು, ಚಕ್ರ, ಆ ಕೆಂಪು ಪೆಡಲ್ಲು ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದಳು. ಇದೆಲ್ಲ ಸುಳ್ಳು ಹರಕೆಯ ಮೆರವಣಿಗೆಯೆಂದು ಗೊತ್ತಿದ್ದರೂ ಜಯಕುಮಾರನ ಎದೆ ಉಬ್ಬಿತು. ಸುತ್ತಿದ್ದು ಸುಳ್ಳಲ್ಲವಲ್ಲ, ಇಷ್ಟು ದೂರ ತುಳಿದದ್ದು ತನ್ನ ಕಾಲೇ ತಾನೆ.

ಮನೆಯ ಮುಂದೆ ಬಿಳಿ ಸುಮೋ ನಿಂತಿತ್ತು. ಚೆಲುವಯ್ಯ ಕೈಗಡಿಯಾರ ನೋಡಿ, ಎರಡೂ ಕೈ ಚಾಚಿಕೊಂಡು ಮುಂದೆ ಬಂದ.

"ಬಂದ್ಯಲ್ಲಪ್ಪ ಗಂಡ್ಸು! ಇಡೀ ದಾರಿ ನಿನ್ ಸುದ್ದಿನೇ ಕಣಯ್ಯ. ಮಾತು ಅಂದ್ರೆ ಮಾತು. ಹೆಣ್ಣು ಕೊಟ್ಟೆ!"

ಚೆಲುವಯ್ಯನ ಹಿಂದೆ ನಿಂತಿದ್ದ ಪ್ರತಿಮಾ ನಕ್ಕಳು. ಜಯಕುಮಾರನಿಗೆ ಘಾಟಿಯ ತುದಿಯಲ್ಲಿ ಮೋಡ ಸರಿದದ್ದು ಇದರ ಮುಂದೆ ಏನೂ ಅಲ್ಲವೆನ್ನಿಸಿತು. ಗಂಗರಾಜು ಶಿಳ್ಳೆ ಹೊಡೆದ.

"ಎಲ್ಲಿ, ಗುಡಿ ತಂಕ ಒಂದು ರೌಂಡ್ ತುಳಿ," ಎಂದ ಚೆಲುವಯ್ಯ ಹೆಮ್ಮೆಯಿಂದ. "ನನ್ ಅಳಿಯ ಲಂಕೆ ಸುತ್ತಿದ್ದು ಹೆಂಗೆ ಅಂತ ನಾನೂ ಒಸಿ ನೋಡ್ತೀನಿ."

ಜಯಕುಮಾರ ನಗುತ್ತ ಕಾಲೆತ್ತಿದ.

"ಅಯ್ಯೋ ಪಾಪಿ, ತುಳೀಬ್ಯಾಡ!"

ದೊಡ್ಡಲಕ್ಷ್ಮಮ್ಮ ಆ ವಯಸ್ಸಿನಲ್ಲೂ ಅಷ್ಟು ಜೋರಾಗಿ ಕೂಗಬಲ್ಲಳೆಂದು ಊರಿಗೆ ಗೊತ್ತಿರಲಿಲ್ಲ. ತಮಟೆ ನಿಂತಿತು.

"ದೇವ್ರ್ ಕಂಡು ಬಂದೈತೆ, ಹರಕೆ ತೀರೈತೆ, ಅರಿಸಿನ ಕುಂಕುಮ ಇಕ್ಕಾಗೈತೆ. ಇನ್ನದು ಸೈಕಲ್ಲಾ? ದೇವ್ರು! ದೇವ್ರನ್ನ ತುಳೀತಾರೇನ್ಲಾ?"

ಊರು ಒಂದು ಗಳಿಗೆ ಯೋಚಿಸಿ, ಹೌದಲ್ಲವೇ ಎಂದು ತಲೆಯಾಡಿಸಿತು. ಇಷ್ಟು ದಿನ ಎಲ್ಲರೂ ಸೈಕಲ್ ತುಳಿಯುವುದು ಎನ್ನುತ್ತಿದ್ದರೇ ಹೊರತು, ತುಳಿಯುವುದೆಂದರೆ ಏನೆಂದು ಯಾರೂ ಯೋಚಿಸಿರಲಿಲ್ಲ.

"ಅಜ್ಜಿ, ಹರಕೆನೇ ಇರ್ನಿಲ್ಲ ಕಣಜ್ಜಿ!" ಎಂದ ಜಯಕುಮಾರ. "ಅವ್ವಾ, ನೀನಾದ್ರೂ ಹೇಳವ್ವ!"

ಎಲ್ಲರೂ ಬೈರಮ್ಮನ ಕಡೆ ತಿರುಗಿದರು. ಬೈರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಹರಕೆಯ ಮಾತು ಆಡಿದ ದಿನದಿಂದ ನಲ್ಲಿಯ ಹತ್ತಿರ ಅವಳ ಕೊಡವನ್ನು ಹೆಂಗಸರು ಮುಂದಕ್ಕೆ ಬಿಡುತ್ತಿದ್ದರು. ಇವತ್ತು ಅವಳಿಗೂ ಮಡಿಲು ತುಂಬ ಹೂ ಕೊಟ್ಟಿದ್ದರು. ಈಗ ಬಾಯಿ ಬಿಟ್ಟರೆ ಅದೇ ಹೆಂಗಸರು ಸಾಯುವತನಕ ಆಡಿಕೊಳ್ಳುತ್ತಾರೆ. ಜಯಕುಮಾರನಿಗೆ ಅವ್ವನ ಮೇಲೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚಾಗಿ ಅಯ್ಯೋ ಅನ್ನಿಸಿತು. ಲಂಕೆಯ ಘಾಟಿಯಲ್ಲೂ ಇಳಿದು ತಳ್ಳದವನು ಅಲ್ಲಿ ಸೈಕಲ್ಲಿನಿಂದ ಇಳಿದುಬಿಟ್ಟ.

"ಆಯ್ತು ಬುಡಜ್ಜಿ. ತುಳಿಯಲ್ಲ" ಎಂದ.

ನಾಲ್ಕು ಜನ ಸೈಕಲ್ಲನ್ನು ಎತ್ತಿಕೊಂಡು ಹೋಗಿ ಮಾರಮ್ಮನ ಗುಡಿಯ ಪಡಸಾಲೆಯಲ್ಲಿ ನಿಲ್ಲಿಸಿ, ಹೂ ಮುಡಿಸಿ, ಸುತ್ತ ಹಗ್ಗ ಕಟ್ಟಿದರು. ಚೆಲುವಯ್ಯ ಹಿಂದೆಯೇ ಹೋಗಿ ಎಲ್ಲವನ್ನೂ ನೋಡಿದ. ಅವನ ಮುಖ ನಿಧಾನವಾಗಿ ಬದಲಾಯಿತು.

"ಅಲ್ಲಪ್ಪ, ಈಗ ನಿನ್ ತಾವ ಗಾಡಿ ಅಂತ ಏನೈತೆ?"

"ನಾಳೆನೇ ಇನ್ನೊಂದು ಸೈಕಲ್ ತಗೊತೀನಿ ಮಾವ."

"ಇನ್ನೊಂದು ಸೈಕಲ್ಲು ಲಂಕೆಗೆ ಹೋಗೈತಾ? ನಾನ್ ಹೆಣ್ಣು ಕೊಟ್ಟಿದ್ದು ಈ ಸೈಕಲ್ಲಿಗೆ ಕಣಪ್ಪ. ಬರೀ ಸೈಕಲ್ಲಾದ್ರೆ ನಮ್ಮೂರ್ ಹಾಲಿನೋನ ತಾವ್ಲೂ ಐತೆ. ಇವತ್ತಿನ ಲೆಕ್ಕಕ್ಕೆ ನೀನು ನಡ್ಕೊಂಡು ಹೋಗೋ ಗಂಡು."

"ಅಪ್ಪಾ!" ಎಂದಳು ಪ್ರತಿಮಾ.

"ನೀ ಸುಮ್ಕಿರವ್ವ, ದೇವ್ರ್ ಮುಂದೆ ಮಾತಾಡ್ಬ್ಯಾಡ," ಎಂದ ಚೆಲುವಯ್ಯ. ಚಪ್ಪಲಿ ಬಿಟ್ಟು, ಪಡಸಾಲೆಯ ಮುಂದೆ ಉದ್ದಕ್ಕೆ ಅಡ್ಡಬಿದ್ದು ಎದ್ದು, ಕಣ್ಣು ಮುಚ್ಚಿ, ಊರಿಗೆಲ್ಲ ಕೇಳುವ ಹಾಗೆ ಬೇಡಿಕೊಂಡ: "ಲಂಕೆ ಸುಬ್ಬಪ್ಪಾ, ನನ್ ಮಗಳಿಗೆ ಒಂದೊಳ್ಳೆ ಗಾಡಿ ಇರೋ ಗಂಡು ಬೇಗ ಸಿಗೋ ಹಂಗೆ ಮಾಡಪ್ಪ!"

ಊರು ಕೈ ಮುಗಿಯಿತು. ದೊಡ್ಡಲಕ್ಷ್ಮಮ್ಮ ಜಯಕುಮಾರನ ಭುಜ ತಿವಿದಳು.

"ಆಗ್ಲಿ ಅನ್ನು ಮಗಾ. ಹರಕೆ ತೀರ್ಸಿ ಬಂದೋರ ಬಾಯಲ್ಲಿ ಬಂದ್ರೆ ಆಗೇ ಆಯ್ತದೆ."

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಬೈರಮ್ಮನೂ ನೋಡುತ್ತಿದ್ದಳು. ಲಂಕೆಯನ್ನು ಒಬ್ಬನೇ ಸುತ್ತಿ ಬಂದವನಿಗೆ ಪ್ರತಿಮಾಳ ಕಡೆ ನೋಡುವ ಧೈರ್ಯ ಬರಲಿಲ್ಲ.

"ಆಗ್ಲಿ" ಎಂದ ಜಯಕುಮಾರ.

ತಮಟೆ ಮತ್ತೆ ಶುರುವಾಯಿತು. ಗಂಗರಾಜುವೂ ಅವನ ಗೆಳೆಯರೂ ಜಯಕುಮಾರನನ್ನು ಹೆಗಲ ಮೇಲೆ ಎತ್ತಿಕೊಂಡು, ಜೈಕಾರ ಹಾಕುತ್ತ, ಊರು ಮೂರು ಸುತ್ತು ಮೆರೆಸಿದರು.